ಕಡಲಿಗೆ ಹೋದವರನ್ನು ಕರೆಯದ ಅತ್ತೆ

ಬೆಳಿಗ್ಗೆ ಅಂಗಳ ಗುಡಿಸಿ ಬಾವಿಕಟ್ಟೆಯ ಪಾಚಿ ಉಜ್ಜಿದೆ. ಮಗಳಿಗೆ ನೀರುದೋಸೆ ಹೊಯ್ದು ಕಾಲೇಜಿನ ಬಸ್ಸಿಗೆ ಕಳಿಸಿದೆ. ಕೋಳಿಗೂಡು ತೆರೆದೆ, ನೆನೆಹಾಕಿದ್ದ ಬಟ್ಟೆ ಒಗೆದೆ, ಬಿಸಿಲು ಏರಿದ ಮೇಲೆ ಒಣಮೀನನ್ನು ಚಾಪೆಯ ಮೇಲೆ ಹರಡಿ ಕಾಗೆ ಓಡಿಸಲು ಜಗಲಿಯಲ್ಲಿ ಕೂತೆ. ಆಗ ಮಾಡಿನ ಸಂದಿಯಲ್ಲಿ ಸಿಕ್ಕಿಸಿದ್ದ ಅತ್ತೆಯ ಸಿಂಬೆ ಕಂಡಿತು. ಹಳೆ ಸೀರೆ ಸುತ್ತಿ ಸುತ್ತಿ ಮಾಡಿದ್ದು, ಮೀನಿನ ಬುಟ್ಟಿಯ ಅಡಿಗೆ ತಲೆಯ ಮೇಲೆ ಇಟ್ಟುಕೊಳ್ಳುವುದು. ಅದನ್ನೂ ತೆಗೆದು ಬಿಸಿಲಿಗಿಟ್ಟೆ.

ಆ ಸಿಂಬೆ ಕೂತೂ ಕೂತೂ ಅತ್ತೆಯ ನೆತ್ತಿಯ ಮೇಲೆ ಅಂಗೈಯಗಲ ಕೂದಲೇ ಇರಲಿಲ್ಲ. ಸುತ್ತಲೂ ದಟ್ಟವಾದ ನರೆಗೂದಲು, ನಡುವೆ ನುಣ್ಣಗೆ ಹೊಳೆಯುವ ಚರ್ಮ. ತಲೆಗೆ ಎಣ್ಣೆ ಹಚ್ಚಲು ಕೂತರೆ ಮೊದಲು ಅಲ್ಲಿಗೇ ಹಚ್ಚಬೇಕು. ಬುಟ್ಟಿ ಹೋಗಿ ಪ್ಲಾಸ್ಟಿಕ್ ಡಬ್ಬ ಬಂದು, ನಡೆಯುವುದು ಹೋಗಿ ಬಸ್ಸು ಬಂದರೂ ಆ ಕೂದಲು ಮತ್ತೆ ಹುಟ್ಟಲಿಲ್ಲ. ಹಂಗಾರಕಟ್ಟೆಯಿಂದ ಸಾಸ್ತಾನದ ಕಡೆಗೆ ಅವರು ಮೀನು ಮಾರದ ಮನೆ ಕಡಿಮೆ. ಚೌಕಾಸಿ ಮಾಡುವವರ ಮೇಲೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಬಂಗುಡೆಯ ಬಾಲ ಹಿಡಿದು ಎತ್ತಿ, "ಇದ್ ಬೆಳಿಗ್ಗೆ ಒಂದ್ಸಲ ಸತ್ತಿತ್ತ್. ನಿಮ್ಮ್ ಮಾತ್ ಕೇಂಡ್ ಇನ್ನೊಂದ್ಸಲ ಸಾಯ್ತಿತ್ತ್ ಕಾಣಿ" ಅನ್ನುತ್ತಿದ್ದರು. ನಕ್ಕವರು ಚೌಕಾಸಿ ಮರೆತುಬಿಡುತ್ತಿದ್ದರು.

ಅಕ್ಷರ ಬಾರದು, ಅಂಕಿ ಚೆನ್ನಾಗಿ ಬರುತ್ತಿತ್ತು. ಸೊಂಟದ ಬಟ್ಟೆಚೀಲದಲ್ಲಿ ಒತ್ತುಗುಂಡಿಯ ಸಣ್ಣ ಫೋನು. ಅದಕ್ಕೂ ಮೀನಿನ ವಾಸನೆ. ಗಿರಾಕಿಗಳು ಹಿಂದಿನ ದಿನವೇ ಫೋನು ಮಾಡಿ ನಾಳೆಗೆ ಚಟ್ಲಿ ಸಿಗಡಿ ಬೇಕು, ಬೈಗೆ ಮೀನು ಬೇಕು ಎಂದು ಹೇಳುತ್ತಿದ್ದರು. ಅತ್ತೆ ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೊಳ್ಳುತ್ತಿದ್ದರು.

ಅವರ ಮಗ, ಎಂದರೆ ನನ್ನ ಗಂಡ, ಮಲ್ಪೆಯ ಆಳಸಮುದ್ರದ ಬೋಟಿನಲ್ಲಿ ತಂಡೇಲ. ಬೋಟು ನಡೆಸುವುದು, ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು ಅವರೇ. ಅವರ ಕೈಯಲ್ಲಿ ಸ್ವಂತ ಫೋನು ಇರಲಿಲ್ಲ. ಉಪ್ಪುನೀರಿಗೆ ಎರಡು ಹಾಳಾದ ಮೇಲೆ ಆ ಸಹವಾಸವೇ ಬೇಡವೆಂದಿದ್ದರು. ಬೋಟಿನ ಕ್ಯಾಬಿನ್ನಿನಲ್ಲಿ ಮಾಲೀಕರು ಕೊಟ್ಟ ಒಂದು ಫೋನಿತ್ತು. ದಡದ ಟವರು ಸಿಕ್ಕಿದ ಕೂಡಲೇ ಅದರಿಂದ ಅತ್ತೆಯ ನಂಬರಿಗೆ ಕರೆ ಬರುತ್ತಿತ್ತು. ನನ್ನ ಗಂಡನಿಗೆ ಬಾಯಿಪಾಠ ಬರುವುದು ಅದೊಂದೇ ನಂಬರು. ನನ್ನದು ಇಷ್ಟು ವರ್ಷಕ್ಕೂ ಬಾಯಿಗೆ ಬಂದಿಲ್ಲ. ಬಂದಿದ್ದರೂ ನನ್ನ ಫೋನು ಹಗಲೆಲ್ಲ ಮಗಳ ಜೊತೆ ಕುಂದಾಪುರದ ಕಾಲೇಜಿನಲ್ಲಿರುತ್ತದೆ.

ಕರೆ ಬಂದರೆ ಮಾತಾಡಬಹುದು. ನಾವಾಗಿ ಮಾಡುವ ಹಾಗಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ನನಗೆ ಹೇಳಿದ್ದರು, "ಕಡ್ಲಿಗ್ ಹೋದವ್ರ್ ನಮ್ಮನ್ ಕರೀಕ್. ನಾವ್ ಹಿಂದಿಂದ ಅವ್ರನ್ ಕರೂಕಾಗ." ಮೀನಿಗೆ ಹೊರಟವರನ್ನು ಬಾಗಿಲು ದಾಟಿದ ಮೇಲೆ ಕೂಗಬಾರದೆಂಬುದು ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇದೆ. ಅತ್ತೆಗೆ ಅದು ಬೋಟು ಮರಳಿ ಜೆಟ್ಟಿಗೆ ತಾಗುವವರೆಗೂ ನಡೆಯುವ ನಿಯಮ, ಫೋನಿಗೂ ಸೇರಿ. ಕಾರಣವಿತ್ತು. ಹರೆಯದಲ್ಲಿ ಒಮ್ಮೆ ಅವರು ಎಲೆಯಡಿಕೆ ಚೀಲ ಮರೆತುಹೋದ ಗಂಡನನ್ನು ಕೂಗಿ ನಿಲ್ಲಿಸಿದ್ದರಂತೆ. ಅವತ್ತು ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿತು. ಮಾವ ಈಜಿ ದಡ ಸೇರಿದರು, ಆದರೆ ಎದೆಗೆ ನೀರು ಹೋಗಿ ಮತ್ತೆ ಕಡಲಿಗೆ ಇಳಿಯುವ ಹಾಗಾಗಲಿಲ್ಲ. ಕೆಮ್ಮುತ್ತಲೇ ಕೆಲವು ವರ್ಷ ಬದುಕಿದರು. ಅತ್ತೆ ಬುಟ್ಟಿ ಹೊತ್ತದ್ದು ಆಗಿನಿಂದ. ನಾನು ಕರೆದದ್ದರಿಂದಲೇ ಆಯಿತು ಎಂದು ಅವರು ಬಾಯಿಬಿಟ್ಟು ಹೇಳಿದ್ದಿಲ್ಲ. ಆದರೆ ಹೇಳಬೇಕಾಗಿಯೂ ಇರಲಿಲ್ಲ.

ಕಂಪೆನಿ ಬದಲಿಸುವ ವಿಚಾರ ಅವರದ್ದೇ. ಹಳೆ ಕಂಪೆನಿಯ ಸಿಗ್ನಲ್ ನಮ್ಮ ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಮಗನ ಕರೆ ತಪ್ಪೀತೆಂದು ಅತ್ತೆ ಸಂಜೆಯೆಲ್ಲ ಹೊಳೆದಂಡೆಯಲ್ಲಿ ಕೂರುತ್ತಿದ್ದರು, ಮಳೆ ಬಂದರೆ ಕೊಡೆ ಹಿಡಿದು. ತೆಕ್ಕಟ್ಟೆಯ ಪೇಟೆಯಲ್ಲಿ ಹೊಸ ಕಂಪೆನಿಯವರು ದೊಡ್ಡ ಕೊಡೆ ನೆಟ್ಟು ಸಿಮ್ ಕೊಡುತ್ತಿದ್ದಾರೆಂದು ಕೇಳಿ ನನ್ನನ್ನು ಕರೆದುಕೊಂಡು ಹೋದರು. ಹೊಸ ನಂಬರೇ ತೆಗೆದುಕೊಳ್ಳಿ, ಸಸ್ತ ಎಂದ ಅಲ್ಲಿದ್ದವನು. ಅತ್ತೆ ಒಪ್ಪಲಿಲ್ಲ. ಅದೇ ನಂಬರು, ಕಂಪೆನಿ ಮಾತ್ರ ಬೇರೆ ಆಗುತ್ತದೆ ಎಂದು ಅವನು ಎರಡು ಸಲ ಹೇಳಿದ ಮೇಲೆ ಹೆಬ್ಬೆರಳು ಒತ್ತಿದರು. ಒತ್ತುವಾಗಲೂ, "ನಂಬ್ರಿಗೆ ಎಂತದೂ ಆಪುಕಾಗ ಕಾಣಿ. ಅದ್ ನನ್ ಮಗನಿಗೆ ಬಾಯಿಪಾಠ" ಎಂದರು.

ಕೆಲವು ದಿನಕ್ಕೆ ಹೊಸ ಸಿಮ್ ಶುರುವಾಯಿತು. ಅಡುಗೆಮನೆಯಲ್ಲೂ ಸಿಗ್ನಲ್ಲಿನ ಕಡ್ಡಿಗಳೆಲ್ಲ ತುಂಬಿ ನಿಂತವು. ಅತ್ತೆ ಫೋನನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟು ಇನ್ನು ಹೊಳೆದಂಡೆಯ ಕೆಲಸ ಮುಗಿಯಿತೆಂದು ನಕ್ಕರು. ಅಷ್ಟರಲ್ಲಾಗಲೇ ಮಗ ಕಡಲಿನಲ್ಲಿದ್ದರು.

ಮಳೆಗಾಲ ಮುಗಿದು ಹೆಚ್ಚು ಸಮಯವಾಗಿರಲಿಲ್ಲ. ಟಿ.ವಿ.ಯಲ್ಲಿ ಅರಬ್ಬಿ ಸಮುದ್ರದ ನಕ್ಷೆ ತೋರಿಸಿ ಬಿಳಿ ಸುಳಿಯೊಂದನ್ನು ತಿರುಗಿಸತೊಡಗಿದರು. ಹೊರಗೆ ಹೋದ ಬೋಟುಗಳು ಹತ್ತಿರದ ಬಂದರಿಗೆ ಸೇರಬೇಕೆಂದರು. ಇಂಥ ಹೊತ್ತಿನಲ್ಲಿ ನನ್ನ ಗಂಡ ಎಲ್ಲಿದ್ದರೂ ದಡ ಹುಡುಕಿ ಮೊದಲು ಒಂದು ಕರೆ ಮಾಡುತ್ತಿದ್ದರು. ಈ ಸಲ ಕರೆ ಬರಲಿಲ್ಲ. ಗಾಳಿ ಎದ್ದಿತು. ನಮ್ಮ ಹೊಳೆಯೇ ಕಂದು ಬಣ್ಣಕ್ಕೆ ತಿರುಗಿ ದಂಡೆಯ ಕಲ್ಲಿಗೆ ಬಡಿಯತೊಡಗಿತು. ಆಗಲೂ ಬರಲಿಲ್ಲ. ಮಾಲೀಕರಿಗೆ ಫೋನು ಮಾಡಿದೆವು. ವಯರ್‌ಲೆಸ್ಸಿಗೆ ಬೋಟು ಸಿಗುತ್ತಿಲ್ಲ, ಉತ್ತರಕ್ಕೆ ಹೋಗಿರಬಹುದು, ಹೆದರಬೇಡಿ ಎಂದರು. ಆಮೇಲೆ ಅವರ ಫೋನು ಯಾವಾಗ ಮಾಡಿದರೂ ಎಂಗೇಜು. ಎಷ್ಟು ಮನೆಯವರು ಮಾಡುತ್ತಿದ್ದರೋ ಏನೋ.

ಆ ದಿನಗಳಲ್ಲಿ ಮನೆ ಹೇಗಿತ್ತೆಂದರೆ, ಪಾತ್ರೆಯ ಮುಚ್ಚಳ ಬಿದ್ದರೂ ಇಬ್ಬರೂ ಒಟ್ಟಿಗೆ ಗೂಡಿನ ಕಡೆ ನೋಡುತ್ತಿದ್ದೆವು. ಫೋನು ಸುಮ್ಮನಿತ್ತೆಂದಲ್ಲ. ಬೈಂದೂರಿನ ನಾದಿನಿ ದಿನಕ್ಕೆ ಹತ್ತಾರು ಸಲ ಕರೆ ಮಾಡಿ "ಅಣ್ಣಯ್ಯನ ಸುದ್ದಿ ಬಂತಾ?" ಎಂದು ಕೇಳುತ್ತಿದ್ದಳು. ಗಂಟೆ ಬಾರಿಸಿದ ಕೂಡಲೇ ಓಡಿಹೋಗಿ ಎತ್ತುವುದು, ನಾದಿನಿಯ ಸ್ವರ ಕೇಳಿ ಮತ್ತೆ ಗೂಡಿನಲ್ಲಿಡುವುದು. ನನಗೊಮ್ಮೆ ಫೋನಿನ ಮೇಲೇ ಸಂಶಯ ಬಂತು. ಆರಿಸಿ ಮತ್ತೆ ಹೊತ್ತಿಸಿದೆ. ಸಾಸ್ತಾನದ ಮೊಬೈಲ್ ಅಂಗಡಿಗೆ ಒಯ್ದೆ. ಅವರು ಸಿಮ್ ತೆಗೆದು ಒರೆಸಿ, ಬೇರೆ ಫೋನಿಗೆ ಹಾಕಿ, ತಮ್ಮ ಫೋನಿನಿಂದ ಕರೆ ಮಾಡಿದರು. ಚೆನ್ನಾಗಿ ಹೊಡೆದುಕೊಂಡಿತು. ಫೋನೂ ಸರಿ, ಸಿಮ್ಮೂ ಸರಿ ಎಂದರು. ಫೋನು ಸರಿಯಿದ್ದರೆ ಕೆಟ್ಟಿರುವುದು ಯಾವುದು?

ಅಂದು ಮನೆಗೆ ಬಂದು, ಅತ್ತೆ ಹಿತ್ತಲಿನಲ್ಲಿದ್ದಾಗ, ಕ್ಯಾಬಿನ್ನಿನ ನಂಬರನ್ನು ತೆಗೆದು ಹಸಿರು ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ಅತ್ತೆಯ ಮಾತಿಗೆ ಹೆದರಿದ್ದು ಒಂದು. ಇನ್ನೊಂದೂ ಇತ್ತು. ಒತ್ತಿದರೆ ಆ ಕಡೆ ಗಂಟೆಯೇ ಆಗದೆ ಹೋದರೆ ಆಮೇಲೆ ನಾನು ಹೇಗೆ ಕೂತಿರಲಿ? ಒತ್ತದಿರುವಷ್ಟು ಹೊತ್ತು ಅವರು ಎಲ್ಲೋ ಇದ್ದಾರೆ. ತಲೆಯೆತ್ತಿದರೆ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. ಹತ್ತಿರ ಬಂದು ನನ್ನ ಬೆರಳನ್ನು ಗುಂಡಿಯಿಂದ ಎತ್ತಿ, ಫೋನು ತೆಗೆದುಕೊಂಡು ಹೋಗಿ ಗೂಡಿನಲ್ಲಿಟ್ಟರು. ಅವರ ಕೈ ನನ್ನದಕ್ಕಿಂತ ತಣ್ಣಗಿತ್ತು.

ಮರುದಿನ ಬೆಳಿಗ್ಗೆ ಅವರು ಡಬ್ಬ ತೊಳೆದು ಮೀನಿಗೆ ಹೊರಟರು. ಕಡಲಿನ ಮೀನಿರಲಿಲ್ಲ, ಹೊಳೆಯದು ಸ್ವಲ್ಪ ಸಿಕ್ಕಿತ್ತು. ಇವತ್ತು ಬೇಡ ಎಂದೆ. ಮನೆಯಲ್ಲಿ ಕೂತರೆ ಊರವರು ಬಂದು ಕೂರುತ್ತಾರೆ, ಊರವರು ಬಂದು ಕೂತರೆ ಅದು ಬೇರೆಯೇ ಆಗುತ್ತದೆ ಎಂದರು. ಅವರನ್ನು ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಹೋದೆ. ಬಸ್ಸಿನಲ್ಲಿ ಫೋನು ಅವರ ಮುಷ್ಟಿಯೊಳಗೇ ಇತ್ತು.

ಮೊದಲ ಮನೆ ಟೀಚರಮ್ಮನದು. ಶಾಲೆಯಿಂದ ನಿವೃತ್ತರಾದವರು, ಅತ್ತೆಯ ಹಳೆಯ ಗಿರಾಕಿ. ನಮ್ಮನ್ನು ಕಂಡದ್ದೇ ಗೇಟಿನಿಂದಲೇ ಶುರುಮಾಡಿದರು. "ಎಂತ ಮಾರಾಯ್ತಿ, ಫೋನ್ ಬಾವಿಗ್ ಹಾಕಿದ್ಯಾ? ಎಷ್ಟ್ ಸಲ ಮಾಡ್ದೆ. ಮಾಡ್ದಾಗೆಲ್ಲ ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತ್ ಹೇಳತ್ತ್."

ಅತ್ತೆ ಡಬ್ಬ ಕೆಳಗಿಡಲೂ ಇಲ್ಲ. "ಈಗ ಮಾಡಿ ಕಾಂಬ" ಎಂದರು.

ಟೀಚರಮ್ಮ ಮಾಡಿದರು. ಸ್ಪೀಕರ್ ಹಾಕಿದರು. ಹೆಂಗಸಿನ ಸ್ವರವೊಂದು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಆ ನಂಬರು ಇಲ್ಲವೆಂದಿತು. ಆ ನಂಬರಿನ ಫೋನು ಅತ್ತೆಯ ಕೈಯಲ್ಲಿ, ಕಡ್ಡಿಗಳೆಲ್ಲ ತುಂಬಿಕೊಂಡು, ತಣ್ಣಗೆ ಕೂತಿತ್ತು. ಮೂವರೂ ಅದನ್ನೇ ನೋಡಿದೆವು.

ಆಮೇಲೆ ಅತ್ತೆ ನಡೆದ ವೇಗ ನನಗೆ ನೆನಪಿದೆ. ಆ ದಿನ ಅವರು ಮೀನು ಮಾರಲಿಲ್ಲ, ಮಾರುವ ದಾರಿಯಲ್ಲೇ ಮನೆ ಮನೆಗೆ ನಿಂತು, "ಹ್ವಾಯ್, ನಂಗೊಂದ್ ಫೋನ್ ಮಾಡಿ" ಎಂದು ಕೇಳುತ್ತ ಹೋದರು. ಹೊಲಿಗೆಯ ಹೆಂಗಸು ಮಾಡಿದಾಗ ಹೊಡೆದುಕೊಂಡಿತು. ದಿನಸಿ ಅಂಗಡಿಯವರು ಮಾಡಿದಾಗ ಇಲ್ಲ. ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬರದು ಬಂತು, ಪಕ್ಕದವರದು ಬರಲಿಲ್ಲ. ನಾನು ಹಿಂದಿನಿಂದ ಒಬ್ಬೊಬ್ಬರನ್ನೂ ನಿಮ್ಮದು ಯಾವ ಕಂಪೆನಿ ಎಂದು ಕೇಳುತ್ತಿದ್ದೆ. ಬರದವರೆಲ್ಲ ನಾವು ಬಿಟ್ಟು ಬಂದ ಹಳೆ ಕಂಪೆನಿಯವರು, ಒಬ್ಬರೂ ತಪ್ಪಲಿಲ್ಲ. ನಾದಿನಿಯದು ಬೇರೆ ಕಂಪೆನಿ. ಮೊಬೈಲ್ ಅಂಗಡಿಯವರದು ಹೊಸ ಕಂಪೆನಿ. ಮಾಲೀಕರದು ಹಳೆಯದು. ಬೋಟಿನ ಕ್ಯಾಬಿನ್ನಿನದೂ ಹಳೆಯದೇ. ಕಡಲಿನಲ್ಲಿ ದೂರದವರೆಗೆ ಸಿಗುವುದು ಅದೆಂದು ಮಾಲೀಕರು ಅದನ್ನೇ ಹಾಕಿದ್ದರು.

ಅತ್ತೆ ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತರು. "ಹಾಂಗಾರೆ ಅವ ಕರದ್ರೂ ನಮ್ಗೆ ಕೇಂತಿಲ್ಲೆ" ಎಂದರು. ಆಮೇಲೆ ಬಹಳ ಸಣ್ಣ ಸ್ವರದಲ್ಲಿ, "ಕರೀತಿದ್ರೆ" ಎಂದು ಸೇರಿಸಿದರು.

ಇಷ್ಟು ದಿನ ಒತ್ತದೆ ಬಿಟ್ಟಿದ್ದನ್ನು ಈಗ ಒತ್ತಲೇಬೇಕು. ಇಲ್ಲಿಂದ ಹೋಗುವ ಕರೆಗಳಿಗೆ ತೊಂದರೆಯಿರಲಿಲ್ಲ. ಮಾಲೀಕರಿಗೆ ಹೋಗಿತ್ತಲ್ಲ. ನಾನು ಕೈ ಚಾಚಿದೆ, ನಾನು ಮಾಡುತ್ತೇನೆ ಎಂದೆ. ಅತ್ತೆ ಫೋನನ್ನು ಎದೆಗೆ ಒತ್ತಿಕೊಂಡರು.

"ನೀ ಕರೂಕಾಗ. ನಾನ್ ಕರೀತೆ. ಎಂತಾರೂ ಆರೆ ನನ್ ತಲೆಗೇ ಇರ್ಲಿ."

ಅಂಕಿಗಳನ್ನು ಒಂದೊಂದಾಗಿ ಅವರೇ ಒತ್ತಿದರು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಅವರು ಕಣ್ಣು ಮುಚ್ಚಿ, ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಅದುಮಿ ಹಿಡಿದರು. ನಾನು ನನ್ನ ಕಿವಿಯನ್ನು ಅವರ ಕೈಗೆ ತಾಗಿಸಿದೆ. ಗಂಟೆ ಆಗುತ್ತಿತ್ತು. ಬಹಳ ಹೊತ್ತು ಆಯಿತು. ಯಾರೂ ಎತ್ತದೆ ನಿಂತುಹೋಯಿತು. ಅತ್ತೆ ನನ್ನ ಮುಖ ನೋಡಿದರು. ಅಂಥ ಮುಖವನ್ನು ನಾನು ಮತ್ತೆಂದೂ ನೋಡಿಲ್ಲ, ನೋಡುವುದೂ ಬೇಡ. ಎರಡನೆಯ ಸಲಕ್ಕೆ ಎತ್ತಿದರು.

"ಅಮ್ಮಾ?" ನನ್ನ ಗಂಡನ ಸ್ವರವೇ. "ಅಮ್ಮಾ, ನೀನ್ ಇದ್ಯಾ?"

"ಇದ್ದೆ ಮಗಾ, ಇದ್ದೆ. ನೀನ್?"

ಅವರು ಗಾಳಿ ಶುರುವಾಗುವ ಮೊದಲೇ ಕಾರವಾರದ ಬಂದರು ಸೇರಿದ್ದರು. ವಯರ್‌ಲೆಸ್ಸು ಕೆಟ್ಟಿತ್ತು. ಸೇರಿದ ಗಳಿಗೆಯಿಂದ ಅತ್ತೆಯ ನಂಬರಿಗೆ ಕರೆ ಮಾಡುತ್ತಲೇ ಇದ್ದರಂತೆ, ಮಾಡಿದಾಗೆಲ್ಲ ಆ ನಂಬರು ಚಾಲ್ತಿಯಲ್ಲಿಲ್ಲ ಎಂಬ ಉತ್ತರ. ಮಾಲೀಕರ ಫೋನು ಅವರಿಗೂ ಎಂಗೇಜಾಗಿ ಹಿಂದಿನ ದಿನವಷ್ಟೇ ಸಿಕ್ಕಿತ್ತು, ಅವರಿಂದ ಮಾಡಿಸಿದರೂ ಅದೇ ಉತ್ತರ. ಅಮ್ಮನಿಗೇ ಏನೋ ಆಗಿದೆ, ಇವರೆಲ್ಲ ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ಅವರು ಅಲ್ಲಿ ಅನ್ನ ಬಿಟ್ಟಿದ್ದರು. ನಾವು ಇಲ್ಲಿ ಅವರಿಗಾಗಿ ಹೆದರಿದ ಅಷ್ಟೂ ಹೊತ್ತು ಅವರು ಅಲ್ಲಿ ನಮಗಾಗಿ ಹೆದರಿದ್ದರು.

ಅತ್ತೆ ಮಗನಿಗೆ ಬೋಟಿನಲ್ಲಿ ಬರಬೇಡ, ರೈಲಿನಲ್ಲಿ ಬಾ ಎಂದರು. ಅವರು ಆ ಕಡೆ ನಕ್ಕದ್ದು ಕೇಳಿಸಿತು. "ಬೋಟ್ ಇಲ್ಲೇ ಬಿಟ್ಟ್ ಬಪ್ಪುಕಾತ್ತಾ ಅಮ್ಮ? ನಾನ್ ತಂಡೇಲ ಅಲ್ದಾ?" ಕಡಲು ಇಳಿದ ಮೇಲೆ ಹೊರಡುವುದಾಗಿ ಹೇಳಿ ಇಟ್ಟರು.

ಬದುಕಿದ್ದಾರೆಂದು ತಿಳಿದ ಮೇಲೂ ಅತ್ತೆಯ ಹೆದರಿಕೆ ಇಳಿಯಲಿಲ್ಲ. ಈಗ ಅದು ಹೆಚ್ಚಾಯಿತು. ಹಿಂದಿನಿಂದ ಕರೆದಾಗಿತ್ತು. ಮಗ ಇನ್ನೂ ಕಡಲಿನ ಮೇಲೆ ಬರಬೇಕಿತ್ತು. ಆವತ್ತು ಸಂಜೆಯಿಂದ ಅವರು ಗಂಜಿಯ ತಿಳಿಯೊಂದನ್ನು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಕೋಟದಲ್ಲಿ ಹೊಸ ಕಂಪೆನಿಯ ಕಚೇರಿಗೆ ಹೋಗಿ ದೂರು ಕೊಟ್ಟೆವು. ಯಾವ ಯಾವ ನಂಬರಿನಿಂದ ಬರುವುದಿಲ್ಲವೆಂದು ಅತ್ತೆ ಬಾಯಲ್ಲೇ ಹೇಳಿದರು. ಹಳೆ ಕಂಪೆನಿಯ ಕಂಪ್ಯೂಟರಿನಲ್ಲಿ ಈ ನಂಬರು ಇನ್ನೂ ಹೊರಗೆ ಹೋದದ್ದು ದಾಖಲಾಗಿಲ್ಲ, ಅವರ ಗಿರಾಕಿಗಳ ಕರೆ ಅಲ್ಲಿಯೇ ಹುಡುಕಿ ಸಿಗದೆ ನಿಲ್ಲುತ್ತದೆ, ಸರಿಮಾಡಿಸುತ್ತೇವೆ, ಕೆಲವು ದಿನ ಬೇಕು ಎಂದು ಅಲ್ಲಿನ ಹುಡುಗಿ ತಾಳ್ಮೆಯಿಂದ ತಿಳಿಸಿದಳು. "ಮದಿ ಆಯ್ ಹೋದ ಹೆಣ್ಣನ್ನ ಇನ್ನೂ ಅಪ್ಪನ ಮನೇಲೇ ಹುಡ್ಕ್ತಿದ್ರ್ ಅನ್ನಿ" ಎಂದರು ಅತ್ತೆ. ಹುಡುಗಿ ನಕ್ಕಳು. ಅತ್ತೆ ನಗಲಿಲ್ಲ.

ಮನೆಗೆ ಬಂದು ಒಲೆಯ ಮುಂದೆ ಕೂತು ನನ್ನನ್ನು ಕೇಳಿದರು, "ಹೆಣೆ, ಅವ ಮೊದ್ಲ್ ಕರ್ದದ್ ಹೌದಲ್ದಾ?"

ಹೌದು ಅತ್ತೆ, ಅವರೇ ಮೊದಲು ಕರೆದದ್ದು, ಎಷ್ಟೋ ಸಲ ಕರೆದಿದ್ದಾರೆ ಎಂದೆ.

"ಹಾಂಗಾರೆ ನಾನ್ ಕರ್ದದ್ದಲ್ಲ. ಅವ ಕರ್ದದ್ದಕ್ಕೆ ಓ ಅಂದದ್."

ಅದನ್ನು ಹೇಳಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಬಂದು ಮತ್ತೆ ಅದನ್ನೇ ಕೇಳಿದರು. ಪಾತ್ರೆ ತೊಳೆಯುವಾಗ ಕೇಳಿದರು, ತಲೆ ಬಾಚುವಾಗ ಕೇಳಿದರು, ಮಗಳನ್ನು ಕೂರಿಸಿಕೊಂಡು ಅವಳನ್ನೂ ಕೇಳಿದರು. ನಾನು ಪ್ರತಿಸಲವೂ ಹೊಸದಾಗಿ ಹೇಳುವ ಹಾಗೆ ಹೌದೆಂದೆ. ಹಾಗೆ ಹೇಳುತ್ತಿದ್ದಾಗ ನನಗೂ ಬೇಕಾಗಿದ್ದದ್ದು ಅದೇ ಮಾತಾಗಿತ್ತು. ಹಗಲೆಲ್ಲ ಅವರು ಹೊಳೆದಂಡೆಗೆ ಹೋಗಿ ಅಳಿವೆಯ ಕಡೆ ಮುಖಮಾಡಿ ನಿಲ್ಲುತ್ತಿದ್ದರು. ಮಗನ ಬೋಟು ಬರುವುದು ಮಲ್ಪೆಗೆ, ಇಲ್ಲಿಗಲ್ಲವೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಅತ್ತೆ ತೀರಿಕೊಂಡು ಎರಡು ಮಳೆಗಾಲ ಕಳೆದವು. ಬೋಟುಗಳೆಲ್ಲ ದಡದಲ್ಲಿದ್ದ ಕಾಲ, ಮಗ ಪಕ್ಕದಲ್ಲೇ ಕೂತಿದ್ದರು. ನೋವೇನೂ ಪಡಲಿಲ್ಲ. ಅವರ ಕೆಲಸಗಳನ್ನು ಈಗ ನಾನು ಮಾಡುತ್ತೇನೆ. ಆ ಕರೆಯೊಂದನ್ನೂ ನಾನೇ ಮಾಡಿದ್ದರೆ ಎಂದು ಯೋಚಿಸುತ್ತೇನೆ. ಅವತ್ತು ಮೋರಿಕಟ್ಟೆಯ ಮೇಲೆ ಆ ಫೋನನ್ನು ನನ್ನ ಕೈಗೆ ಕೊಟ್ಟಿದ್ದರೆ, ಮುಂದಿನ ಅಷ್ಟೂ ದಿನ ಆ ಹೆದರಿಕೆಯನ್ನು ಹೊರಬೇಕಾದವಳು ನಾನಾಗಿದ್ದೆ. ಸೊಸೆಗೆ ಅದು ಬೇಡವೆಂದು ಅವರು ತಾವೇ ತೆಗೆದುಕೊಂಡರು. ಆಗ ಅದು ನನಗೆ ತಿಳಿಯಲಿಲ್ಲ. ತಿಳಿದ ಮೇಲೆ ಹೇಳಿಕೊಳ್ಳಲು ಅವರಿಲ್ಲ.

ಆ ಗಾಳಿಯ ಸಲ ಮಗ ಬಂದದ್ದು ಒಂದು ಸಂಜೆ, ಮಲ್ಪೆಯಲ್ಲಿ ಬೋಟು ಕಟ್ಟಿ ಬಸ್ಸಿನಲ್ಲಿ. ಗಡ್ಡ ಬೆಳೆದಿತ್ತು. ಕಣ್ಣು ಕೆಂಪಾಗಿತ್ತು. ಅತ್ತೆ ಅವರ ಭುಜ, ಬೆನ್ನು, ಕೈ ಎಲ್ಲ ಮುಟ್ಟಿ ನೋಡಿ, ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದುಕೊಟ್ಟರು. ನಾನು ಕುಚ್ಚಿಗೆ ಅಕ್ಕಿಯ ಅನ್ನ ಮಾಡಿ, ಮನೆಯಲ್ಲಿ ಹಸಿಮೀನಿಲ್ಲದ್ದರಿಂದ ಒಣಚಟ್ಲಿಯ ಚಟ್ನಿ ಅರೆದೆ, ಮೊಟ್ಟೆ ಕಾಯಿಸಿದೆ. ಗಂಡ ಸ್ನಾನಕ್ಕೆ ಹೋದಾಗ ಅತ್ತೆ ಕಾಯಲಿಲ್ಲ. ತಟ್ಟೆ ಹಾಕಿಕೊಂಡು ಒಲೆಯ ಬದಿಯಲ್ಲೇ ಕೂತು ಎರಡು ಸಲ ಅನ್ನ ಬಡಿಸಿಕೊಂಡು ಉಂಡರು. ಉಂಡು ಗೋಡೆಗೆ ಒರಗಿದವರು ಹಾಗೇ ಪಕ್ಕಕ್ಕೆ ಜಾರಿ ಚಾಪೆಯ ಮೇಲೆ ಮಲಗಿದರು.

ಗೂಡಿನಲ್ಲಿ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ. ಟೀಚರಮ್ಮ. "ಹೋ, ಈಗ ಸಿಕ್ಕತ್ತಲ್ಲ. ನಾಳೆಗೆ ಬಂಗ್ಡೆ ಇತ್ತಾ ಕೇಣ್" ಎಂದರು. ಅತ್ತೆ ಮಲಗಿದ್ದಾರೆ, ಎದ್ದ ಮೇಲೆ ಹೇಳುತ್ತೇನೆ ಎಂದೆ. ಸ್ನಾನ ಮುಗಿಸಿ ಬಂದ ಗಂಡನಿಗೂ ಮಗಳಿಗೂ ಬಡಿಸಿ ನಾನೂ ಕೂತೆ. ಅತ್ತೆಯ ಗೊರಕೆ ಕೇಳುತ್ತಿತ್ತು. ನಾವು ಮೂವರೂ ಮೆಲ್ಲಗೆ, ತಟ್ಟೆಯ ಸದ್ದಾಗದ ಹಾಗೆ ಉಂಡೆವು.